ಅಂಗನವಾಡಿಯ ಮೊದಲ ಎರಡು ವಾರ

(ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಅಂದರೆ ವಚನ, ದಾಸರ ಪದ, ಕುವೆಂಪು ಅಥವಾ ಬೇಂದ್ರೆ ಎನ್ನುವುದು ನಮ್ಮ ಕಡೆಯ ರೂಢಿ. ಮೂರು ವರ್ಷದ ಕೂಸು ಅಂಗನವಾಡಿ ಬಾಗಿಲಲ್ಲಿ ಅಳುವುದರ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರಲ್ಲಿ ಒಬ್ಬರು, "ಮೇಡಂ, ಅದು ಎರಡು ದಿನ ಅತ್ತು ಸುಮ್ಮನಾಗೋ ವಿಷಯ ಅಲ್ವಾ?" ಅಂತ ಕೇಳಿದರು. ಅವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ನನ್ನ ಮಾತೆಲ್ಲ ಅವರ ಆ ಪ್ರಶ್ನೆಗೆ ಉತ್ತರ ಅಂತಲೇ ತಿಳಿದುಕೊಳ್ಳಿ.

ಎರಡು ದಿನ ಅತ್ತು ಸುಮ್ಮನಾಗುತ್ತದೆ ಎನ್ನುವುದು ಸುಳ್ಳಲ್ಲ. ಹೆಚ್ಚಿನ ಮಕ್ಕಳು ಸುಮ್ಮನಾಗುತ್ತವೆ. ಯಾಕೆ ಸುಮ್ಮನಾದವು ಅಂತ ನಾವು ಕೇಳಿಕೊಳ್ಳುವುದಿಲ್ಲ, ಅಷ್ಟೆ. ಆಯಮ್ಮನ, ಅಂದರೆ ಸಹಾಯಕಿಯ, ಸೊಂಟ ಸಿಕ್ಕಿತು ಅಂತ ಕೆಲವು ಸುಮ್ಮನಾಗುತ್ತವೆ. ಅತ್ತರೂ ಯಾರೂ ಬರಲಿಲ್ಲ ಅಂತ ಕೆಲವು ಸುಮ್ಮನಾಗುತ್ತವೆ. ಹಾಜರಿ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗುರುತು.

ಅಂಗನವಾಡಿ ಮೇಲ್ವಿಚಾರಕಿಯಾಗಿ ನನ್ನ ಸೇವೆಯ ಬಹುಪಾಲು ಕಳೆದದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ವಲಯಗಳಲ್ಲಿ. ನಾನು ಕೆಲಸಕ್ಕೆ ಸೇರಿದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆಯಾಯಿತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇನ್ನೂ ಈಚೆಗೆ. ಒಂದು ಕಡೆ ಅಡಿಕೆ ತೋಟ, ಒಂದು ಕಡೆ ನಾಲೆಯ ಗದ್ದೆ, ಇನ್ನೊಂದು ಕಡೆ ಮಳೆಗೆ ಮುಖ ಎತ್ತಿ ಕೂತ ಎರೆ, ಕೆಂಪು ನೆಲ. ತಾಯಿ ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ ಹೋಗುತ್ತಾಳೆ ಅನ್ನುವುದರ ಮೇಲೆ ಮಗುವಿನ ಅಳು ಬೇರೆ ಬೇರೆಯಾಗಿರುವುದನ್ನು ನಾನು ಕಂಡದ್ದು ಹೀಗೆ ತಾಲ್ಲೂಕು ತಿರುಗಿದ್ದರಿಂದಲೇ.

ಅಂಗನವಾಡಿಯ ಹಿಂದಿನದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಶುರು ಮಾಡಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಕೆಲಸ ಮಾಡುತ್ತಾ, ಮಕ್ಕಳು ಬಾಲವಾಡಿಗೆ ಬಾರದಿದ್ದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಎಂದು ಆದಿವಾಸಿಗಳ ಮನೆಯಂಗಳಕ್ಕೇ ಅದನ್ನು ಒಯ್ದರು. ನಮ್ಮಲ್ಲಿ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕುಗಳಲ್ಲಿ. ನಮ್ಮ ರಾಜ್ಯದ ಪಾಲಿಗೆ ತಿ. ನರಸೀಪುರ. ಇವರಲ್ಲಿ ತಾರಾಬಾಯಿಯವರ ಯೋಚನೆ ನನಗೆ ಇವತ್ತಿಗೂ ದೊಡ್ಡದು. ಮಗು ಹೊಂದಿಕೊಳ್ಳಲಿ ಅಂತ ನಾವೆಲ್ಲ ಮಗುವಿನ ಮೇಲೆ ಭಾರ ಹಾಕುತ್ತೇವೆ, ಅವರು ಶಾಲೆಯ ಮೇಲೆ ಹಾಕಿದರು.

ಇನ್ನು ಅಳುವಿಗೆ ಬರೋಣ.

ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಒಂದು ಚಿತ್ರ ತೋರಿಸಿದರು. ಲಾರಾ ಎಂಬ ಎರಡು ವರ್ಷದ ಹುಡುಗಿ ಒಂದು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದದ್ದರ ದಾಖಲೆ ಅದು. ಆ ಕಾಲದಲ್ಲಿ ಅಲ್ಲಿಯ ಆಸ್ಪತ್ರೆಗಳು ತಾಯಿಯನ್ನು ಮಗುವಿನ ಜೊತೆ ಇರಲು ಬಿಡುತ್ತಿರಲಿಲ್ಲ. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಆದ್ದರಿಂದ ಬಾರದಿರುವುದೇ ಒಳ್ಳೆಯದು ಎನ್ನುವುದು ದಾದಿಯರ, ವೈದ್ಯರ ನಂಬಿಕೆ. ಆ ಸುಮ್ಮನಿರುವಿಕೆ ಏನು ಅನ್ನುವುದನ್ನು ರಾಬರ್ಟ್‌ಸನ್ ಕ್ಯಾಮೆರಾ ಹಿಡಿದು ತೋರಿಸಿದರು. ಮೊದಲು ಮಗು ಪ್ರತಿಭಟಿಸುತ್ತದೆ, ಆಮೇಲೆ ಕೈಚೆಲ್ಲುತ್ತದೆ, ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುತ್ತದೆ ಎಂದು ಅವರು ಗುರುತಿಸಿದ್ದರು. ವೈದ್ಯರು ಮೊದಲು ಸಿಟ್ಟಾದರು. 1959ರಲ್ಲಿ ಪ್ಲಾಟ್ ಸಮಿತಿಯ ವರದಿ ಬಂದು, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ನೋಡಲು ತಂದೆತಾಯಿಯರಿಗೆ ಹೊತ್ತಿನ ಕಟ್ಟು ಇರಬಾರದು ಅಂತ ಹೇಳಿತು.

ಆಸ್ಪತ್ರೆಯ ಎಂಟು ದಿನಕ್ಕೂ ಅಂಗನವಾಡಿಯ ಆರು ಗಂಟೆಗೂ ಸಮ ಕಟ್ಟಬೇಡಿ. ನಮ್ಮ ಮಗು ಸಂಜೆ ಮನೆಗೆ ಹೋಗುತ್ತದೆ, ರಾತ್ರಿ ಅವ್ವನ ಪಕ್ಕದಲ್ಲೇ ಮಲಗುತ್ತದೆ. ಆದರೂ ಮೂಲೆಯಲ್ಲಿ ಬೆನ್ನು ಗೋಡೆಗೆ ಒರಗಿಸಿ, ಊಟಕ್ಕೆ ಕರೆದರೆ ಬಾರದೆ, ಆಟದ ಸಾಮಾನು ಕೈಗೆ ಕೊಟ್ಟರೆ ಹಾಗೇ ಹಿಡಿದುಕೊಂಡು ಕೂರುವ ಮಗುವನ್ನು ತೋರಿಸಿ "ಇದು ಬಹಳ ಒಳ್ಳೇದು ಮೇಡಂ, ತಂಟೆನೇ ಇಲ್ಲ" ಅನ್ನುವಾಗ ನನಗೆ ಲಾರಾ ನೆನಪಾಗುತ್ತಾಳೆ. ಜೋರಾಗಿ ಅಳುವ ಮಗುವಿಗಿಂತ ಈ ತಂಟೆಯಿಲ್ಲದ ಮಗುವಿನ ಹತ್ತಿರ ಮೊದಲು ಹೋಗಿ ಕೂರಿ ಅಂತ ಪ್ರತಿ ವಲಯ ಸಭೆಯಲ್ಲೂ ಹೇಳುತ್ತಿದ್ದೆ. ಯಾಕೆಂದರೆ ಅಳುವ ಮಗುವಿಗೆ ಇನ್ನೂ ಯಾರೋ ಬರುತ್ತಾರೆ ಎಂಬ ನಂಬಿಕೆ ಉಳಿದಿದೆ.

ಮೊದಲ ದಿನವೇ ಈ ನಂಬಿಕೆಗೆ ಪೆಟ್ಟು ಕೊಡುವ ಒಂದು ಚಾಳಿ ನಮ್ಮಲ್ಲಿದೆ, ಕಣ್ತಪ್ಪಿಸಿ ಹೋಗುವುದು. "ಅಲ್ನೋಡು ಕೋತಿ" ಅಂತ ತೋರಿಸಿ ಹಿಂದಿನ ಬಾಗಿಲಿಂದ ಓಡುವುದು. "ಅಂಗಡಿಗೆ ಹೋಗಿ ಚಾಕಲೇಟ್ ತರ್ತೀನಿ" ಅಂದು ನಾಲ್ಕು ಗಂಟೆಗೆ ಬರುವುದು. ಅಜ್ಜಿಯರಿಂದ ಕಲಿತದ್ದು, ಟೀಚರ್ ಹೇಳಿಕೊಟ್ಟದ್ದು, ಎಲ್ಲರೂ ಮಾಡುವುದು. ತಾಯಿಗೆ ಆ ಹೊತ್ತಿಗೆ ಅದೇ ದಯೆ ಅನ್ನಿಸುತ್ತದೆ; ಅಳುವ ಮುಖ ನೋಡಿ ಹೊರಡುವುದು ಯಾರಿಗೂ ಸುಲಭವಲ್ಲ. ಆದರೆ ಕೋತಿ ನೋಡಿ ತಿರುಗಿದ ಮಗುವಿಗೆ ತಿಳಿದದ್ದೇನು? ಕಣ್ಣು ತೆಗೆದರೆ ಅವ್ವ ಇರುವುದಿಲ್ಲ ಅನ್ನುವುದು. ಹಾಗಾಗಿ ಅದು ಅವತ್ತಿನಿಂದ ಕಣ್ಣು ತೆಗೆಯುವುದಿಲ್ಲ. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಲು ಬಿಡುವುದಿಲ್ಲ, ರಾತ್ರಿ ಸೆರಗು ಹಿಡಿದೇ ಮಲಗುತ್ತದೆ, ನಿದ್ದೆಯಲ್ಲಿ ಕೈ ಸಡಿಲಿಸಿದರೆ ಎದ್ದು ಕೂರುತ್ತದೆ. "ಅಂಗನವಾಡಿಗೆ ಹಾಕಿದ ಮೇಲೆ ಮಗು ಹಟಮಾರಿ ಆಯ್ತು" ಅಂತ ದೂರು ಬರುವುದು ಆಮೇಲೆ.

ಇದಕ್ಕೆ ಮದ್ದು ನಮ್ಮ ಮನೆಗಳಲ್ಲೇ ಇದೆ. ಕೈಗೂಸಿಗೆ ನಾವು ಸೆರಗು ಮುಖಕ್ಕೆ ಮುಚ್ಚಿ, "ಎಲ್ಲಿ ಅವ್ವ?" ಅಂತ ಕೇಳಿ, ಸೆರಗು ಸರಿಸಿ ನಗಿಸುತ್ತೇವೆ. ಹದಿನೆಂಟು ತಿಂಗಳ ಮೊಮ್ಮಗ ದಾರ ಕಟ್ಟಿದ ಮರದ ಉರುಳೆಯನ್ನು ಮಂಚದಾಚೆ ಎಸೆದು ಮತ್ತೆ ಎಳೆದುಕೊಳ್ಳುತ್ತಿದ್ದುದನ್ನು ಫ್ರಾಯ್ಡ್ 1920ರ ಪುಸ್ತಕದಲ್ಲಿ ಬರೆದಿದ್ದಾರೆ. ತಾಯಿ ಹೋಗುವುದನ್ನೂ ಬರುವುದನ್ನೂ ಮಗು ಆಟವಾಗಿ ತನ್ನ ಕೈಗೆ ತೆಗೆದುಕೊಂಡಿದೆ ಅಂತ ಅವರು ಅರ್ಥ ಮಾಡಿದರು. ಅಷ್ಟು ದೊಡ್ಡ ಹೆಸರು ಹೇಳದೆಯೂ ನಮ್ಮ ಅಜ್ಜಿಯರು ಆ ಆಟ ಆಡಿಸಿದ್ದಾರೆ. ಅಂಗನವಾಡಿಗೆ ಹಾಕುವ ತಿಂಗಳು ಮೊದಲು ಅದನ್ನೇ ಸ್ವಲ್ಪ ದೊಡ್ಡದು ಮಾಡಿ. "ಪಕ್ಕದ ಮನೆಗೆ ಹೋಗಿ ಮೊಸರು ತರ್ತೀನಿ, ದೊಡ್ಡಮ್ಮನ ಹತ್ರ ಇರು" ಅಂತ ಹೇಳಿ ಹೋಗಿ, ಮೊಸರು ತನ್ನಿ. ಹೇಳಿಯೇ ಹೋಗಬೇಕು, ಹೇಳಿದ ಹಾಗೇ ಬರಬೇಕು. ಮೂರು ವರ್ಷದ ಮಗುವಿಗೆ ಗಡಿಯಾರ ಗೊತ್ತಿಲ್ಲ, ಆದ್ದರಿಂದ "ನಾಲ್ಕು ಗಂಟೆಗೆ" ಅನ್ನಬೇಡಿ. "ಉಂಡು, ಮಲಗಿ, ಎದ್ದ ಮೇಲೆ ಬರ್ತೀನಿ" ಅನ್ನಿ. ಅದು ಉಂಡು ಮಲಗಿ ಏಳುವ ಹೊತ್ತಿಗೆ ಬಾಗಿಲಲ್ಲಿ ಇರಿ.

ಹೇಳಿ ಹೋದರೆ ಅಳುವುದಿಲ್ಲವೆ? ಅಳುತ್ತದೆ. ಕೆಲವೊಮ್ಮೆ ಜಾಸ್ತಿಯೇ ಅಳುತ್ತದೆ. ಅಳಲಿ, ಆದರೆ ಯಾರದಾದರೂ ತೊಡೆಯ ಮೇಲೆ ಅಳಲಿ.

ಆ ತೊಡೆ ಯಾರದು ಅನ್ನುವುದೇ ನನ್ನ ಈ ಉಪನ್ಯಾಸದ ಮುಖ್ಯ ಮಾತು. ಕಟ್ಟಡಕ್ಕೆ ಬಣ್ಣ ಹೊಡೆಸುತ್ತೇವೆ, ಗೋಡೆ ಮೇಲೆ ಆನೆ ಬರೆಸುತ್ತೇವೆ, ಹೊಸ ಬ್ಯಾಗು ಕೊಡಿಸುತ್ತೇವೆ. ಮಗು ಇವಕ್ಕೆಲ್ಲ ಹೊಂದಿಕೊಳ್ಳುವುದು ಆಮೇಲೆ. ಮೊದಲು ಅದು ಒಬ್ಬ ಮನುಷ್ಯಳಿಗೆ ಹೊಂದಿಕೊಳ್ಳಬೇಕು. ಎಮ್ಮೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೊಟ್ಟಿಗೆ ಬದಲಾದರೂ ನಡೆದೀತು, ಕೈ ಬದಲಾದರೆ ಎಮ್ಮೆ ಸೊರೆ ಬಿಡುವುದಿಲ್ಲ. ನಮ್ಮ ಅಂಗನವಾಡಿಗಳಲ್ಲಿ ಆ ಕೈ ಹೆಚ್ಚಾಗಿ ಸಹಾಯಕಿಯದು. ಅವಳು ಅದೇ ಕೇರಿಯವಳು. ಮಗುವಿಗೆ ಅತ್ತೆಯೋ ಚಿಕ್ಕಮ್ಮನೋ ಆಗಬೇಕು. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬರುವವಳು ಅವಳು, ಅನ್ನ ಕಲಸಿ ಬಾಯಿಗಿಡುವವಳು ಅವಳು, ಚಡ್ಡಿ ಒದ್ದೆಯಾದರೆ ತೊಳೆಯುವವಳೂ ಅವಳೇ. ಕಾಗದದಲ್ಲಿ ಅಡುಗೆ, ಕಸ ಅಂತ ಬರೆದಿದೆ. ಮಗುವಿನ ಲೆಕ್ಕದಲ್ಲಿ ಅಂಗನವಾಡಿ ಅಂದರೆ ಆಯಮ್ಮ.

ಹಾಗಾಗಿ ಹೊಸ ಮಗು ಬರುವ ವಾರ ಆಯಮ್ಮ ಅದರ ಮನೆಗೆ ನಾಲ್ಕು ಸಲ ಹೋಗಿಬರಲಿ. ಕರೆಯುವುದಕ್ಕಲ್ಲ, ಸುಮ್ಮನೆ ಜಗಲಿ ಮೇಲೆ ಕೂತು ಅದರ ಅವ್ವನ ಜೊತೆ ಮಾತಾಡುವುದಕ್ಕೆ. ಈ ಹೆಂಗಸನ್ನು ನನ್ನ ಅವ್ವ ನಂಬುತ್ತಾಳೆ ಅಂತ ಮಗು ಓರೆಗಣ್ಣಿನಿಂದ ನೋಡಿಕೊಳ್ಳುತ್ತದೆ. ಅಷ್ಟಾದರೆ ಅರ್ಧ ಕೆಲಸ ಆಯಿತು.

ಜರ್ಮನಿಯ ಶಿಶುವಿಹಾರಗಳಲ್ಲಿ ಇದಕ್ಕೆ ಒಂದು ಕ್ರಮವೇ ಇದೆ, ಬರ್ಲಿನ್ ಮಾದರಿ ಅಂತ ಕರೆಯುತ್ತಾರೆ. ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನ ಜೊತೆ ಬಂದು ಒಂದೆರಡು ಗಂಟೆ ಮೂಲೆಯಲ್ಲಿ ಕೂರುತ್ತಾರೆ. ಮಗುವನ್ನು ಆಟಕ್ಕೆ ತಳ್ಳುವುದಿಲ್ಲ, ಬಂದರೆ ಅಪ್ಪಿಕೊಳ್ಳುತ್ತಾರೆ. ಆ ಮೂರು ದಿನ ಬಿಟ್ಟುಹೋಗುವ ಪ್ರಯತ್ನವೇ ಇಲ್ಲ. ನಾಲ್ಕನೆಯ ದಿನ ಹೇಳಿ ಹೊರಗೆ ಹೋಗುತ್ತಾರೆ, ಹೆಚ್ಚೆಂದರೆ ಅರ್ಧ ಗಂಟೆ. ಆ ನಾಲ್ಕನೆಯ ದಿನ ಸೋಮವಾರ ಬಂದರೆ ಮಂಗಳವಾರಕ್ಕೆ ಮುಂದೂಡುತ್ತಾರೆ, ರಜೆಯಲ್ಲಿ ಮನೆಯಲ್ಲಿದ್ದ ಮಗುವಿಗೆ ಸೋಮವಾರ ಮತ್ತೆ ಹೊಸದು ಅಂತ. ಮಗುವನ್ನು ಹೊಸ ಶಿಕ್ಷಕಿ ಸಮಾಧಾನ ಮಾಡಲು ಆದರೆ ಬೇಗ ಮುಗಿಯುತ್ತದೆ, ಆಗದಿದ್ದರೆ ಎರಡು ಮೂರು ವಾರ ಹಿಡಿಯುತ್ತದೆ.

"ಮೇಡಂ, ನಮ್ಮ ಕಡೆ ಕೂಲಿ ಬಿಟ್ಟು ಮೂರು ದಿನ ಕೂರೋರು ಯಾರು?" ಅಂತ ನೀವು ಕೇಳುತ್ತೀರಿ, ಕೇಳಬೇಕು. ಜೂನ್ ತಿಂಗಳು ತೆಗೆದುಕೊಳ್ಳಿ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಮೆಕ್ಕೆಜೋಳ ಬಿತ್ತುವುದೂ ಆಗಲೇ. ಮಳೆ ಬಿದ್ದ ಮಾರನೆ ದಿನ ಹೊಲದಲ್ಲಿ ಇರದಿದ್ದರೆ ಹದ ಹೋಯಿತು. ತಾಯಿಗೆ ವರ್ಷದಲ್ಲೇ ಪುರಸೊತ್ತಿಲ್ಲದ ವಾರದಲ್ಲಿ ನಾವು ಮಗುವನ್ನು ಅವಳಿಂದ ಬಿಡಿಸುತ್ತೇವೆ. ಅಂಗನವಾಡಿಗೆ ಜೂನ್ ಕಟ್ಟು ಇಲ್ಲ ಎನ್ನುವುದನ್ನು ನಾವೇ ಮರೆತಿದ್ದೇವೆ. ಮಗುವಿಗೆ ಮೂರು ತುಂಬಿದರೆ ಯಾವ ತಿಂಗಳಾದರೂ ಸೇರಿಸಬಹುದು. ಜಗಳೂರಿನಂಥ ಮಳೆಯಾಶ್ರಯದ ಕಡೆ ಸುಗ್ಗಿ ಮುಗಿದ ಸಂಕ್ರಾಂತಿಯ ಹೊತ್ತಿಗೆ ಶುರು ಮಾಡಿ. ತಾಯಿಗೆ ಅಷ್ಟಿಷ್ಟು ಬಿಡುವಿರುತ್ತದೆ, ಹಳೆಯ ಮಕ್ಕಳೆಲ್ಲ ಅಳು ಮುಗಿಸಿ ಆಡಿಕೊಂಡಿರುತ್ತವೆ, ಅಳುವುದು ನಿಮ್ಮದೊಂದೇ. ಜೂನ್‌ನಲ್ಲಿ ಎಂಟು ಹತ್ತು ಮಕ್ಕಳು ಒಟ್ಟಿಗೆ ಅಳುವ ಕೋಣೆಯಲ್ಲಿ ಒಬ್ಬ ಆಯಮ್ಮನಿಗೆ ಎಷ್ಟು ತೊಡೆ ಇದ್ದಾವು?

ಚನ್ನಗಿರಿಯ ಲೆಕ್ಕವೇ ಬೇರೆ. ಅಲ್ಲಿ ಕಷ್ಟ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ. ಸುಲಿಯುವುದಕ್ಕೆ ಹೋಗುವ ತಾಯಿ ನಸುಕಿನಲ್ಲೇ ಎದ್ದು ಹೋಗಿರುತ್ತಾಳೆ. ಮಗು ಕಣ್ಣು ಬಿಡುವ ಹೊತ್ತಿಗೆ ಅವಳಿಲ್ಲ. ಅದನ್ನು ಎಬ್ಬಿಸಿ, ಮುಖ ತೊಳೆಸಿ, ಅಂಗನವಾಡಿಗೆ ಬಿಡುವವನು ಅಪ್ಪ ಅಥವಾ ಎರಡನೇ ಕ್ಲಾಸಿನ ಅಕ್ಕ. ಆ ಮಗು ಬಾಗಿಲಲ್ಲಿ ಅತ್ತರೆ ಅಂಗನವಾಡಿಗೆ ಅಳುತ್ತಿದೆ ಅಂತ ತಿಳಿಯಬೇಡಿ, ಬೆಳಗಿನಿಂದ ಬಾಕಿ ಇದ್ದ ಅಳು ಅದು. ಮಲಗುವ ಮುಂಚೆ "ನೀನು ಏಳೋ ಹೊತ್ತಿಗೆ ನಾನು ಇರಲ್ಲ, ಅಪ್ಪ ಇರ್ತಾನೆ" ಅಂತ ಹೇಳಿದ ತಾಯಂದಿರ ಮಕ್ಕಳು ಬೇಗ ದಾರಿಗೆ ಬಂದದ್ದನ್ನು ನೋಡಿದ್ದೇನೆ. ಎರಡನೇ ಕ್ಲಾಸಿನ ಅಕ್ಕಂದಿರ ಬಗ್ಗೆಯೂ ಒಂದು ಮಾತು. ಶಾಲೆಯ ಆವರಣದಲ್ಲೇ ಅಂಗನವಾಡಿ ಇರುವ ಕಡೆ, ಸಣ್ಣ ಬಿಡುವಿನಲ್ಲಿ ಅಕ್ಕ ಬಂದು ಇಣುಕಿ ಹೋಗಲು ಬಿಡಿ. "ಅವಳು ಬಂದರೆ ಇದು ಮತ್ತೆ ಅಳುತ್ತೆ" ಅಂತ ಬಾಗಿಲು ಹಾಕುವವರಿದ್ದಾರೆ. ಇಂಗ್ಲೆಂಡಿನ ಆ ದಾದಿಯರೂ ಇದನ್ನೇ ಹೇಳುತ್ತಿದ್ದರು.

ಹೊನ್ನಾಳಿ, ನ್ಯಾಮತಿಯ ತಾಂಡಾಗಳಿಗೆ ಬಂದರೆ ಇನ್ನೊಂದು ತೊಡಕು. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವ ಸೀಮೆ ಇದು. ಮನೆಯಲ್ಲಿ ಅವ್ವನನ್ನು ಯಾಡಿ ಅನ್ನುವ ಮಗುವಿಗೆ ಅಂಗನವಾಡಿಯಲ್ಲಿ ಕೇಳುವುದು ಕನ್ನಡ. ಬಾಯಾರಿದೆ, ಒಂದಕ್ಕೆ ಹೋಗಬೇಕು ಅಂತ ಹೇಳಿದರೆ ತಿಳಿಯುವವರಿಲ್ಲ ಅಂತಾದರೆ ದೊಡ್ಡವರೇ ಕಂಗಾಲಾಗುತ್ತೇವೆ. ಟೀಚರ್ ಬೇರೆ ಊರಿನವರಾದರೆ ತಾಂಡಾದ ಮಾತಿನ ಹತ್ತಿಪ್ಪತ್ತು ಪದ ಕಲಿಯಲೇಬೇಕು: ನೀರು, ಅನ್ನ, ರೊಟ್ಟಿ, ಬಾ, ನೋವು, ಅವ್ವ ಬರ್ತಾಳೆ. ಸಹಾಯಕಿ ತಾಂಡಾದವಳೇ ಆದರೆ ದೊಡ್ಡ ಭಾಗ್ಯ. ಆದರೆ ಬಹಳ ವರ್ಷ ನಮ್ಮ ಸಣ್ಣ ತಾಂಡಾ, ಹಟ್ಟಿಗಳಿಗೆ ಸಿಕ್ಕಿದ್ದು ಮಿನಿ ಅಂಗನವಾಡಿ. ಅದರಲ್ಲಿ ಕಾರ್ಯಕರ್ತೆ ಒಬ್ಬಳೇ, ಸಹಾಯಕಿ ಹುದ್ದೆಯೇ ಇಲ್ಲ. ಯಾವ ಮಕ್ಕಳಿಗೆ ಆಯಮ್ಮ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೇ ಕೊಡಲಿಲ್ಲ. ಮಿನಿಗಳನ್ನು ಪೂರ್ಣ ಅಂಗನವಾಡಿ ಮಾಡುವ ತೀರ್ಮಾನ ಈಚೆಗೆ ಬಂದಿದೆ, ಒಳ್ಳೆಯದು.

ತಾಂಡಾದ ಮಕ್ಕಳಲ್ಲಿ ಅನೇಕರು ಕಾಫಿ ಕೊಯ್ಲಿಗೋ ಕಬ್ಬು ಕಡಿಯಲಿಕ್ಕೋ ಹೋಗುವ ತಂದೆತಾಯಿಯ ಜೊತೆ ಗುಳೆ ಹೋಗುತ್ತಾರೆ. ಹೋಳಿ, ಯುಗಾದಿ ಹೊತ್ತಿಗೆ ಮರಳುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಹಳೆಯದೇ ಇರುವುದರಿಂದ ಅವರನ್ನು ಹಳೆಯ ಮಕ್ಕಳಂತೆ ಒಳಗೆ ಕೂರಿಸುತ್ತೇವೆ. ಮೂರು ವರ್ಷದ ಮಗುವಿಗೆ ನಾಲ್ಕು ತಿಂಗಳು ದೊಡ್ಡ ಕಾಲ. ತೋಟದ ಲೈನಿನ ಒಂದೇ ಕೋಣೆಯಲ್ಲಿ ಹಗಲೂ ರಾತ್ರಿ ಅವ್ವನಿಗೆ ಅಂಟಿಕೊಂಡಿದ್ದು ಬಂದಿದೆ. ಅದು ಹೊಸ ಮಗುವೇ. ಮತ್ತೆ ಮೊದಲಿನಿಂದ ಶುರು ಮಾಡಿ, ಮತ್ತೆ ಜಗಲಿ ಮೇಲೆ ಕೂತು ಮಾತಾಡಿ.

ಜಗಳೂರಿನಲ್ಲಿ ನಾನು ಕಂಡದ್ದು ಇದರ ತಿರುವುಮುರುವು. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾರೆ, ಮಗು ಅಜ್ಜಿಯ ಬಳಿ ಇದೆ. ಆ ಮಗು ಒಂದು ಸಲ ಬಿಟ್ಟುಹೋದದ್ದನ್ನು ಕಂಡಿದೆ. ಈಗ ಅಜ್ಜಿಯೂ ಅಂಗನವಾಡಿಗೆ ಬಿಟ್ಟು ತಿರುಗಿದರೆ ಅದಕ್ಕೆ ಏನನ್ನಿಸಬೇಡ? ಇಂಥ ಮಗುವಿನ ಅಜ್ಜಿಗೆ ಅವಸರ ಮಾಡಬೇಡಿ. ಅವಳು ವಾರವಲ್ಲ, ತಿಂಗಳು ಬಂದು ಕೂರಲಿ, ಕೂತು ಅಕ್ಕಿ ಆರಿಸಲಿ, ಮಧ್ಯಾಹ್ನ ಅಲ್ಲೇ ಒಂದು ತುತ್ತು ಉಣ್ಣಲಿ. 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಉಣ್ಣುವ ಏರ್ಪಾಡು ಬಂದಾಗ, ಬರುವವರಿಗೆ ಅದು ತೊಂದರೆ ಅನ್ನುವ ದೂರುಗಳು ಇದ್ದವು. ಅದರಲ್ಲಿ ನಿಜವೂ ಇತ್ತು. ಆದರೆ ಹೊತ್ತುಹೊತ್ತಿಗೆ ನಾಲ್ಕು ದೊಡ್ಡವರು ಒಳಗೆ ಕೂತು ಉಣ್ಣುವ ಅಂಗನವಾಡಿಯಲ್ಲಿ ಹೊಸ ಮಕ್ಕಳ ಅಳು ಬೇಗ ಇಳಿಯುತ್ತಿದ್ದುದನ್ನೂ ನಾನು ನೋಡಿದೆ.

ಈಗ ಸೂಜಿಯ ವಿಷಯ. ಊಟ ಮಾಡದಿದ್ದರೆ ಪೊಲೀಸ್, ಮಲಗದಿದ್ದರೆ ಗುಮ್ಮ, ಹಟ ಮಾಡಿದರೆ "ಅಂಗನವಾಡಿಗೆ ಕರ್ಕೊಂಡೋಗಿ ಸೂಜಿ ಚುಚ್ಚಿಸ್ತೀನಿ." ಮೊದಲೆರಡು ಸುಳ್ಳು ಅಂತ ಮಗುವಿಗೆ ಮುಂದೆ ಗೊತ್ತಾಗುತ್ತದೆ. ಮೂರನೆಯದು ನಿಜ! ಹಳ್ಳಿಗಳಲ್ಲಿ ಲಸಿಕೆ ಹಾಕುವುದು ಅಂಗನವಾಡಿಯಲ್ಲೇ. ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಬಂದ ಅವ್ವನ ಜೊತೆ ಆ ಬಾಗಿಲಿಗೆ ಬಂದಾಗ ಕೂಗು, ಅಳು, ಸ್ಪಿರಿಟ್ ವಾಸನೆ ಎಲ್ಲ ಮಗು ನೋಡಿದೆ. ತಕ್ಕಡಿಯ ಚೀಲದಲ್ಲಿ ತೂಗಾಡಿಸಿ ತೂಕ ಹಾಕಿದ್ದೂ ಅಲ್ಲೇ. ಅಂಥ ಕೋಣೆಗೆ "ಆಟ ಆಡೋಕೆ ಬಾ" ಅಂದರೆ ಅದು ನಂಬಬೇಕೇಕೆ? ಲಸಿಕೆಯ ದಿನ, ತೂಕದ ದಿನ ಹೊಸ ಮಗುವನ್ನು ಸೇರಿಸಬೇಡಿ. ಮನೆಯಲ್ಲಿ ಈ ಸೂಜಿಯ ಬೆದರಿಕೆ ಇವತ್ತಿಗೇ ನಿಲ್ಲಿಸಿ. ಇದು ಖರ್ಚಿಲ್ಲದ ಕೆಲಸ.

ಮಗು ಮನೆಯಿಂದ ಏನಾದರೂ ತಂದರೆ ಕಿತ್ತುಕೊಳ್ಳಬೇಡಿ. ಡೊನಾಲ್ಡ್ ವಿನ್ನಿಕಾಟ್ ಎಂಬ ಇಂಗ್ಲಿಷ್ ಮಕ್ಕಳ ವೈದ್ಯರು 1953ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಗು ಕಚ್ಚಿಕೊಂಡು ತಿರುಗುವ ಬಟ್ಟೆ ತುಂಡಿನ ಬೆಲೆ ಏನು ಅಂತ ವಿವರಿಸಿದ್ದಾರೆ. ತಾಯಿಗೂ ಹೊರಗಿನ ಲೋಕಕ್ಕೂ ನಡುವೆ ಅದು ಮಗುವಿನ ಸ್ವಂತದ್ದು. ನಮ್ಮ ಮನೆಗಳಲ್ಲಿ ಕೌದಿ ಇದೆ. ಅವ್ವನ, ಅಜ್ಜಿಯ ಹಳೆ ಸೀರೆ ಹಾಕಿ ಹೊಲಿದದ್ದು, ಅವರ ವಾಸನೆ ಇರುವಂಥದ್ದು. ಮಧ್ಯಾಹ್ನ ಮಲಗಲು ಜಮಖಾನ ಕೊಡುವುದರ ಬದಲು ಮೊದಲ ತಿಂಗಳು ಮನೆಯ ಸಣ್ಣ ಕೌದಿ ತರಲಿ. ಒಗೆಯದೇ ತರಲಿ.

ಒಂದಕ್ಕೆ ಎರಡಕ್ಕೆ ಹೋಗುವ ವಿಚಾರದಲ್ಲಿ ನಾಚಿಕೊಳ್ಳದೆ ಮಾತಾಡಬೇಕು. ಬಯಲಿಗೆ ಹೋಗಿ ರೂಢಿಯಾದ ಮಗುವಿಗೆ ಕತ್ತಲೆಯ ಶೌಚಾಲಯ ಹೆದರಿಕೆ. ದಿನವಿಡೀ ತಡೆದುಕೊಂಡು, ಕೊನೆಗೆ ಬಟ್ಟೆಯಲ್ಲೇ ಮಾಡಿಕೊಂಡು, ಎಲ್ಲರೂ ನಕ್ಕು, ಮಾರನೆ ದಿನ ಬರುವುದಿಲ್ಲ ಅಂತ ಹಟ. ಓದು ಬೇಡ ಅಂತ ಹಟ ಅಲ್ಲ ಅದು. ಮೊದಲ ದಿನವೇ ಅವ್ವನ ಜೊತೆ ಆ ಜಾಗ ತೋರಿಸಿ, ಬಾಗಿಲು ತೆರೆದೇ ಇರಲಿ.

ವ್ಯಾನಿನ ಮಾತು ಆಡದಿದ್ದರೆ ಅರ್ಧ ಊರು ಬಿಟ್ಟಂತೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಎಲ್‌ಕೆಜಿಗೆ ಬೆಳಿಗ್ಗೆ ಹಳದಿ ವ್ಯಾನ್ ಬರುತ್ತದೆ. ಇಂಗ್ಲಿಷ್ ಬೇಕು ಎನ್ನುವ ತಂದೆತಾಯಿಯ ಆಸೆಯನ್ನು ನಾನು ಹಗುರ ಮಾಡುವುದಿಲ್ಲ. ಕೂಲಿ ಮಾಡಿ ಫೀಸು ಕಟ್ಟುವವರಿಗೆ ಮಗುವಿನ ಮುಂದಿನ ದಿನ ನನಗಿಂತ ಚೆನ್ನಾಗಿ ಕಾಣುತ್ತದೆ. ಆದರೆ ಮೂರು ವರ್ಷದ ಮಗು ಆ ವ್ಯಾನಿಗೆ ಹತ್ತುವಾಗ ಅವ್ವನಿಂದ ಡ್ರೈವರಿಗೆ, ಡ್ರೈವರಿನಿಂದ ಗೇಟಿನವರಿಗೆ, ಅಲ್ಲಿಂದ ಮಿಸ್ಸಿಗೆ ಕೈ ಬದಲಾಗುತ್ತದೆ. ಇಷ್ಟರಲ್ಲಿ ಯಾರೊಬ್ಬರೂ ಅದರ ಹೆಸರು ಹಿಡಿದು ಕರೆಯದಿರಬಹುದು. ಅವಸರ ಯಾತಕ್ಕೆ ಅಂತ ನನಗೆ ತಿಳಿಯುವುದಿಲ್ಲ. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಿದೆ. 2025-26ರ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಅಂದಮೇಲೆ ಮೂರನೇ ವರ್ಷ ಊರಿನ ಅಂಗನವಾಡಿಯಲ್ಲಿ ಆಯಮ್ಮನ ಬಳಿ ಕಳೆದು, ನಾಲ್ಕಕ್ಕೆ ವ್ಯಾನ್ ಹತ್ತಿದರೆ ಏನೂ ಹಿಂದೆ ಬೀಳುವುದಿಲ್ಲ. ಹತ್ತಿಸಲೇಬೇಕಾದರೆ, ಮೊದಲ ಕೆಲವು ದಿನ ಅಪ್ಪ ಬೈಕಿನಲ್ಲಿ ಹಿಂದೆಯೇ ಹೋಗಿ ಮಿಸ್ಸಿನ ಕೈಗೆ ಕೊಟ್ಟು ಬರಲಿ. ಬರೆಸುವ, ಪರೀಕ್ಷೆ ಮಾಡುವ ಶಾಲೆಯಾದರೆ ಇನ್ನೊಂದು ಸಲ ಯೋಚನೆ ಮಾಡಿ. ಶಾಲಾಪೂರ್ವ ಮಕ್ಕಳಿಗೆ ಬರಹದ್ದಾಗಲಿ ಬಾಯಿಮಾತಿನದ್ದಾಗಲಿ ಪರೀಕ್ಷೆ ಬೇಡ ಎಂದು ಎನ್‌ಸಿಇಆರ್‌ಟಿಯೇ 2019ರಲ್ಲಿ ಹೇಳಿದೆ.

ನಮ್ಮ ಕಾರ್ಯಕರ್ತೆಯರ ಪರವಾಗಿಯೂ ಹೇಳಬೇಕು, ಇಲ್ಲದಿದ್ದರೆ ಊಟದ ಪಂಕ್ತಿಯಲ್ಲಿ ನನ್ನನ್ನು ಬಿಡುವುದಿಲ್ಲ. ಮಗು ಬಾಗಿಲಿಗೆ ಬರುವ ಹೊತ್ತಿಗೆ ಅವರ ಕಣ್ಣು ಫೋನಿನ ಪೋಷಣ್ ಟ್ರ್ಯಾಕರ್ ಆ್ಯಪ್ ಮೇಲೆ. ನೆಟ್‌ವರ್ಕ್ ಸಿಗುವ ಮೂಲೆ ಹುಡುಕಬೇಕು, ಹಾಜರಿ ಏರಿಸಬೇಕು, ಫೋಟೊ ತೆಗೆಯಬೇಕು. ಚುನಾವಣೆ, ಸಮೀಕ್ಷೆ ಬೇರೆ. ಇವರು ಗ್ರಾಚುಟಿಗೆ ಅರ್ಹರು ಅಂತ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2022ರ ಏಪ್ರಿಲ್‌ನಲ್ಲಿ. ಬೆಳಗಿನ ಮೊದಲ ಅರ್ಧ ಗಂಟೆ ಫೋನು ಮುಟ್ಟಬೇಡಿ, ಏರಿಸುವುದನ್ನೆಲ್ಲ ಮಕ್ಕಳು ಮಲಗಿದಾಗ ಏರಿಸಿ ಅಂತ ಹೇಳುವಷ್ಟು ಅಧಿಕಾರ ಮೇಲಿನವರು ಮೇಲ್ವಿಚಾರಕಿಯರಿಗೆ ಕೊಡಲಿ.

ಸಂಜೆ ಮನೆಯಲ್ಲಿ "ಇವತ್ತು ಏನು ಕಲಿಸಿದ್ರು, ಹಾಡು ಹೇಳು" ಅಂತ ನಿಲ್ಲಿಸಿ ಕೇಳಬೇಡಿ. ಮೊದಲ ವಾರಗಳಲ್ಲಿ ಮಗು ಹಿಂದೆ ಬಿಟ್ಟದ್ದನ್ನು ಮತ್ತೆ ಹಿಡಿಯಬಹುದು: ಬೆರಳು ಚೀಪುವುದು, ಹಾಸಿಗೆಯಲ್ಲಿ ಒಂದ ಮಾಡುವುದು, ತಮ್ಮನ ಜೊತೆ ತಾನೂ ಮೊಲೆಗೆ ಬರುವುದು. ಬಹುಪಾಲು ಕೆಲವು ವಾರಗಳಲ್ಲಿ ತಾನೇ ಬಿಡುತ್ತದೆ. ತಿಂಗಳಾದರೂ ಮಗು ಉಣ್ಣದೆ, ಆಡದೆ, ಯಾರ ಮುಖವನ್ನೂ ನೋಡದೆ ಇದ್ದರೆ ಅಂಗನವಾಡಿಗೆ ಬರುವ ವೈದ್ಯರ ತಂಡಕ್ಕೆ ತೋರಿಸಿ. ಕಿವಿ ಕೇಳಿಸುತ್ತಿದೆಯೇ ಅಂತ ಮೊದಲು ನೋಡಿಸಿ.

ಇನ್ನು ಹೊಂದಿಕೊಂಡಿತು ಅಂತ ತಿಳಿಯುವುದು ಹೇಗೆ? ಜಗಳ ಶುರು ಮಾಡಿದಾಗ. "ಇದು ನನ್ನ ಜಾಗ, ಏಳು" ಅಂತ ಇನ್ನೊಂದನ್ನು ನೂಕಿದಾಗ, ಆಯಮ್ಮನಿಗೇ ಹುಕುಂ ಮಾಡಿದಾಗ, ಮೊಟ್ಟೆ ಯಾಕೆ ಚಿಕ್ಕದು ಅಂತ ತಕರಾರು ತೆಗೆದಾಗ. ಮಧ್ಯಾಹ್ನವೆಲ್ಲ ಆಡಿಕೊಂಡಿದ್ದು ಸಂಜೆ ಅವ್ವನನ್ನು ಕಂಡ ಕೂಡಲೇ ಬಿಕ್ಕಿ ಅಳುವ ಮಗುವನ್ನು ಕಂಡು ಗಾಬರಿಯಾಗಬೇಡಿ, ದಿನದ ಲೆಕ್ಕ ಒಪ್ಪಿಸುವುದಕ್ಕೆ ತನ್ನವಳು ಬಂದಳು ಅಂತ ಅಷ್ಟೆ.

ಕೊನೆಗೆ ಗ್ರಾಮ ಪಂಚಾಯಿತಿ ಸದಸ್ಯರು ಇಲ್ಲಿ ಐದಾರು ಮಂದಿ ಕಾಣುತ್ತಿದ್ದೀರಿ, ನಿಮಗೆ ಒಂದು ಕೇಳಿಕೆ. ಅಂಗನವಾಡಿಗೆ ಏನು ಕೊಡಲಿ ಅಂತ ನೀವು ಕೇಳಿದಾಗಲೆಲ್ಲ ಟಿವಿ ಅನ್ನುತ್ತಾರೆ, ಬಣ್ಣ ಅನ್ನುತ್ತಾರೆ. ಒಳಗೆ ಗೋಡೆ ಬದಿಗೆ ದೊಡ್ಡವರು ಕೂರುವಂಥ ಒಂದು ಉದ್ದದ ಬೆಂಚು ಮಾಡಿಸಿಕೊಡಿ. ಅಜ್ಜಿಯೊಬ್ಬಳು ಬೆನ್ನು ಒರಗಿಸಿ ಎರಡು ಗಂಟೆ ಕೂರುವಂತಿರಲಿ. ಆಮೇಲೆ ಬಾಲವಿಕಾಸ ಸಮಿತಿಯ ಮುಂದಿನ ಸಭೆಯಲ್ಲಿ, ನಿಮ್ಮ ಪಂಚಾಯಿತಿಯ ಯಾವ ಯಾವ ಅಂಗನವಾಡಿಯಲ್ಲಿ ಸಹಾಯಕಿ ಹುದ್ದೆ ಖಾಲಿ ಇದೆ, ಎಂದಿನಿಂದ ಖಾಲಿ ಇದೆ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಕೈಯಾರೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಪ್ರಶ್ನೆ ಕೇಳುವವರು ಕೇಳಬಹುದು.